ಬಂದೂಕಿನ ಉಡಿ

ನಮ್ಮ ಪಡಸಾಲೆಯ ಗೋಡೆಗೆ ಎರಡು ಗೂಟಗಳಿವೆ. ಅವುಗಳ ಮೇಲೆ ಒಂದು ನೀಲಿ ಬಂದೂಕು ಇತ್ತು. ಬಂದೂಕು ಅಂದರೆ ಅದರ ಆಕಾರ ಮಾತ್ರ. ವರ್ಷವರ್ಷ ದಸರೆಗೆ ಮುಂಚೆ ಸುಣ್ಣ ಹಚ್ಚಲು ಬರುವವರು ಬಂದೂಕನ್ನು ಮುಟ್ಟಲು ಅಂಜಿ ಅದರ ಸುತ್ತ ಹಚ್ಚಿ ಹೋಗುತ್ತಿದ್ದರು. ಹೀಗಾಗಿ ಮನೆಯೆಲ್ಲ ಬಿಳಿಯಾಯಿತು, ಅದರ ಹಿಂದೆ ಮಾತ್ರ ಅಜ್ಜನ ಕಾಲದ ನೀಲಿ ಉಳಿಯಿತು. ಬಂದೂಕು ಮನೆ ಬಿಟ್ಟ ದಿನ ಆ ನೀಲಿ ಹೊರಗೆ ಬಂತು. ಉದ್ದನೆಯ ಕೆರೆಯ ಹಾಗೆ ಕಾಣುತ್ತಿತ್ತು.

ಮಧ್ಯಾಹ್ನ ಊಟ ಮಾಡಿ ಅದರ ಕೆಳಗೆ ಚಾಪೆ ಹಾಸಿ ಮಲಗಿದರೆ ಆಗೆಲ್ಲ ನನಗೆ ಒಂದೇ ಕನಸು. ಆ ನೀಲಿ ಕಿಟಕಿಯಂತೆ ತೆರೆದುಕೊಳ್ಳುತ್ತದೆ. ಅದರೊಳಗಿಂದ ಒಂದು ಕಾಡುಹಂದಿ ಸದ್ದಿಲ್ಲದೆ ಇಳಿದು ಬರುತ್ತದೆ. ಅದು ಅಪ್ಪನ ಉಣ್ಣೆಯ ಕೋಟು ಹಾಕಿಕೊಂಡಿರುತ್ತದೆ. ಜೋಳದ ಚೀಲ, ನೀರಿನ ಕೊಡ, ನನ್ನ ಮಗಳ ಪುಸ್ತಕ, ಎಲ್ಲವನ್ನೂ ಮೂಸಿ ನೋಡಿ ಅಡಿಗೆಮನೆಯ ಹೊಸ್ತಿಲಲ್ಲಿ ನಿಲ್ಲುತ್ತದೆ. ನಾನು ಕೈ ಚಾಚಿ ಬಂದೂಕಿಗಾಗಿ ತಡಕಾಡುತ್ತೇನೆ. ಕೈಗೆ ತಂಪು ನೀರು ಸಿಗುತ್ತದೆ. ಎಚ್ಚರಾಗುತ್ತದೆ.

ನನ್ನ ಹೆಸರು ಭಾಲಚಂದ್ರ. ಔರಾದ ತಾಲೂಕಿನ ಸಂತಪುರದಲ್ಲಿ ನಮ್ಮ ಮನೆ, ಊರ ಹೊರಗೆ ಹದಿನೆಂಟು ಎಕರೆ ಒಣಭೂಮಿ. ಸೋಯಾ, ತೊಗರಿ, ಉದ್ದು ಬೆಳೆಯುತ್ತೇವೆ. ಹಂದಿ ಓಡಿಸಲು ಅಪ್ಪ ಲೈಸೆನ್ಸ್ ಮಾಡಿಸಿ ಜೋಡುನಳಿಕೆಯ ಬಂದೂಕು ತಂದಿದ್ದರು. ಎರಡು ವರ್ಷದ ಹಿಂದೆ ಗಣೇಶನ ಹಬ್ಬದ ಹೊತ್ತಿಗೆ ಅಪ್ಪ ಹೋದರು. ಲೈಸೆನ್ಸು ನನ್ನ ಹೆಸರಿಗೆ ಆಯಿತು. ನಾನು ಅದರಿಂದ ಒಂದು ಸಲವೂ ಗುಂಡು ಹಾರಿಸಿಲ್ಲ. ಈಗಿನ ಹಂದಿಗಳಿಗೆ ಪಟಾಕಿ ಸಾಕು.

ಈ ವರ್ಷ ಲೋಕಸಭೆಯ ಚುನಾವಣೆ ಬಂದಾಗ ಎಲ್ಲರೂ ಬಂದೂಕು ಜಮಾ ಮಾಡಬೇಕೆಂದು ಹುಕುಂ ಬಂತು. ಠಾಣೆಯಲ್ಲಿ ಇಟ್ಟರೆ ಮೂಲೆಯಲ್ಲಿ ಒಟ್ಟುತ್ತಾರೆ, ತುಕ್ಕು ಹಿಡಿಯುತ್ತದೆ. ಬೀದರಿನ ಚಿದ್ರಿಯ ಹತ್ತಿರ ಒಂದು ಶೂಟಿಂಗ್ ಕ್ಲಬ್ ಇದೆ, ಅಲ್ಲಿ ಸದಸ್ಯರ ಬಂದೂಕು ಇಡಲು ಬೀಗದ ಕೋಣೆ ಇದೆ ಎಂದು ಕೇಳಿ ನಾನು ಸದಸ್ಯನಾದೆ. ಮಾರ್ಚಿನಲ್ಲಿ ಬಂದೂಕನ್ನು ಬಟ್ಟೆಯ ಗವಸಿನಲ್ಲಿ ಸುತ್ತಿ, ಮೊಣಕಾಲ ನಡುವೆ ಇಟ್ಟುಕೊಂಡು ಬಸ್ಸಿನಲ್ಲಿ ಬೀದರಿಗೆ ಹೋದೆ. ಕ್ಲಬ್ಬಿನಲ್ಲಿ ಸಾಲು ಹನುಮಂತನ ಬಾಲದಂತಿತ್ತು. ನನ್ನ ಪಾಳಿ ಬರುವುದರೊಳಗೆ ನನ್ನ ತಲೆ ಕಾದಿತ್ತು. ಕಿಟಕಿಯಲ್ಲಿದ್ದವನು, "ಜರಾ ನಿಲ್ಲರಿ, ನಿಮ್ಮ ಮುಂದ ತಗದು ನೋಡ್ತೇನಿ," ಅಂದ. "ನನ್ನ ಬಂದೂಕ ನನಗ ಗೊತ್ತಿಲ್ಲೇನು, ಖಾಲಿ ಅದ," ಎಂದು ರಸೀದಿ ಕಿತ್ತುಕೊಂಡು ಬಂದುಬಿಟ್ಟೆ. ಆಮೇಲೆ ಯಾವುದೋ ನಂಬರಿನಿಂದ ನಾಲ್ಕು ಸಲ ಫೋನು ಬಂತು. ಮೂರು ಸಲ ಕಟ್ ಮಾಡಿದೆ. ನಾಲ್ಕನೆಯ ಸಲ ಬೈದೆ.

ಚುನಾವಣೆ ಮುಗಿಯಿತು. ಒಯ್ಯಿರಿ ಎಂದು ಹೇಳಿದರು. ನಾನು ಹೋಗಲಿಲ್ಲ. ಬಿತ್ತನೆ ಅಂದೆ, ಕಳೆ ಅಂದೆ. ಪಕ್ಕದ ಹೊಲದ ಮುದುಕ ಕಾಶೀರಾಮ ಬದುವಿನ ಮೇಲೆ ಕೂತು ನಕ್ಕ.

"ಏನ್ ಮಾಲಕರ, ಬಂದೂಕ ಹಾಸ್ಟೆಲಿಗಿ ಹಾಕಿದ್ರಂತಲ್ಲ. ಸೂಟಿಗಿ ಮನಿಗಿ ಬರ್ತದೋ ಇಲ್ಲೋ?"

"ಬರ್ತದ. ಬಂದ ಮ್ಯಾಲ ಮೊದಲು ನಿನ್ನ ಕಡೀನೇ ತೋರಸ್ತೇನಿ."

"ತೋರಸ್ರಿ. ನನಗ ಲೈಸೆನ್ಸ್ ಇಲ್ಲ, ನಾ ಓಡೂದೊಂದೇ," ಅಂದ.

ಹೋಗದಿರಲು ಬೇರೆ ಕಾರಣವಿತ್ತು. ನನಗೇ ಅದು ಸರಿಯಾಗಿ ತಿಳಿದಿರಲಿಲ್ಲ. ಬಂದೂಕು ಹೋದ ಮೇಲೆ ಮನೆಯ ಸದ್ದು ಬದಲಾಯಿತು. ಮೊದಲು ನಾನು ದನಿ ಏರಿಸಿದರೆ ಪಾತ್ರೆಗಳೂ ಸುಮ್ಮನಾಗುತ್ತಿದ್ದವು. ಅಪ್ಪ ಹೋದ ಮೇಲೆ ಮನೆ ನನ್ನ ಮಾತು ಕೇಳಲು ಕಲಿತಿದೆ ಎಂದು ನಾನು ತಿಳಿದಿದ್ದೆ. ನನ್ನ ಹೆಂಡತಿ ಕೇತಕಿ, ಕಾಲೇಜಿಗೆ ಹೋಗುವ ಮಗಳು ಗಾರ್ಗಿ, ಇಬ್ಬರೂ ತಲೆ ತಗ್ಗಿಸುತ್ತಿದ್ದರು. ತಗ್ಗಿಸುವ ಮೊದಲು ಅವರ ಕಣ್ಣು ಒಂದು ಸಲ ಗೋಡೆಗೆ ಹೋಗಿ ಬರುತ್ತಿತ್ತು. ಅದನ್ನು ನೋಡಿದ್ದೆ. ಅದರ ಅರ್ಥ ಹುಡುಕಿರಲಿಲ್ಲ.

ಏಪ್ರಿಲ್ಲಿನಲ್ಲಿ ಒಂದು ದಿನ ಚಹಾ ತಡವಾಯಿತೆಂದು ಕೂಗಿದೆ. ಇಬ್ಬರ ಕಣ್ಣೂ ಗೋಡೆಗೆ ಹೋದವು. ಅಲ್ಲಿ ನೀಲಿ ಇತ್ತು. ಗಾರ್ಗಿ ಮೆಲ್ಲಗೆ, "ಅಪ್ಪಾ, ನಮಗ ಕಿವಿ ಅವ," ಅಂದಳು. ಕೇತಕಿ ನಕ್ಕುಬಿಟ್ಟಳು. ಚಳಿಗಾಲದಿಂದ ನಾನು ಅವಳ ನಗು ಕೇಳಿರಲಿಲ್ಲ. ನನಗೆ ಸಿಟ್ಟು ಬಂತು. ಬಂದ ಸಿಟ್ಟಿಗೆ ಕೂರಲು ಜಾಗ ಸಿಗಲಿಲ್ಲ, ಅಂಗಳಕ್ಕೆ ಹೋಯಿತು. ನಾನೂ ಅದರ ಹಿಂದೆ ಹೋದೆ.

ಹೀಗೆ ಏಳು ತಿಂಗಳು. ಕೇತಕಿ ರೊಟ್ಟಿ ತಟ್ಟುತ್ತ ಹಾಡತೊಡಗಿದಳು. ಗುನುಗುವಷ್ಟೇ, ಪದ ಇರುತ್ತಿರಲಿಲ್ಲ. ನಿದ್ದೆಯಲ್ಲಿ ನನಗೆ ಆ ದನಿ ಸೋಯಾದ ಹೊಲದ ಮೇಲಿನ ಗಾಳಿಯಂತೆ ಕೇಳುತ್ತಿತ್ತು.

ನವರಾತ್ರಿಯ ಘಟ ಕೂತ ಮರುದಿನ ಅವ್ವ ಗೋಡೆಯ ಎದುರು ನಿಂತಳು. ನಮ್ಮವ್ವ ಅಂಬೂಬಾಯಿಗೆ ಎಪ್ಪತ್ತೆರಡು. ಹರೆಯದಲ್ಲಿ ಹೊಲದ ಮಂಚಿಕೆಯ ಮೇಲೆ ತಾನೇ ಬಂದೂಕು ಹಿಡಿದು ಕೂತವಳು.

"ಭಾಲ್ಯಾ, ಖಂಡೇನವಮಿ ಬಂತು. ಆಯುಧದ ಪೂಜಿಗಿ ಏನ್ ಇಡೂದು? ರಸೀದಿ ಇಡ್ಲೇನು?"

"ತರ್ತೇನಿ ಅವ್ವ."

"ಏನ್ ತರ್ತಿ. ಜೂನದಿಂದ ತರಾಕತ್ತಿದಿ. ಪರರ ಮನ್ಯಾಗ ಬಂದೂಕ ಇಡೂದು ಅಂದ್ರ ಹೆಣ್ಣಮಗಳನ್ನ ಬಿಟ್ಟಂಗ. ನಿಮ್ಮಪ್ಪ ಇದ್ದಿದ್ರ ಅದು ಒಂದು ದಿನ ಹೊರಗ ಇರ್ತಿದ್ದಿಲ್ಲ."

ಕೇತಕಿ ಮೊರದಲ್ಲಿ ಉದ್ದು ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ. ಕೈಯೂ ನಿಲ್ಲಲಿಲ್ಲ.

"ಅದು ಈ ಮನಿಗಿ ಬಂದ ದಿನ ನಾ ಭಾಲ್ಕಿಗಿ ಹೋಗ್ತೇನಿ," ಅಂದಳು. "ಹಬ್ಬಕ್ಕ ಹೋದಂಗ ಅಲ್ರಿ. ಖಾಯಂ."

ಭಾಲ್ಕಿ ಅವಳ ತವರು. ಅಣ್ಣ ಮಂಗೇಶ ಅಲ್ಲಿದ್ದಾನೆ.

"ಯಾಕ?" ಅಂದೆ.

"ಯಾಕ ಅಂತ ನಿಮಗ ಗೊತ್ತದ."

ನನಗೆ ಗೊತ್ತಿತ್ತು. ಗೊತ್ತಿದೆ ಎಂದು ತಿಳಿದಿದ್ದೆ. ಮರುದಿನ ಮುಂಜಾನೆ, ಹೆಂಡತಿ ಹೆದರಿಸಿದಳೆಂದು ಬಂದೂಕು ಬಿಟ್ಟ ಎಂದು ಊರು ಅನ್ನಬಾರದು ಅನ್ನುವ ಒಂದೇ ಹಟಕ್ಕೆ ಬೀದರಿನ ಬಸ್ಸು ಹತ್ತಿದೆ. ಹೊರಡುವಾಗ ಕೇತಕಿ ಹೊರಗೆ ಬರಲಿಲ್ಲ. ಒಳಗೆ ಟ್ರಂಕಿನ ಕೊಂಡಿ ಬಿಚ್ಚಿದ ಸದ್ದು ಕೇಳಿತು.

ಮಂಜು ಬಿದ್ದಿತ್ತು. ಹಳದಿಯಾದ ಸೋಯಾ ಹೊಲಗಳು ಕಿಟಕಿಯ ಪಕ್ಕದಲ್ಲಿ ತೇಲಿ ಹೋದವು. ಒಂದು ಕಡೆ ಜಿಂಕೆಗಳು ಮಂಜಿನಲ್ಲಿ ಹೊಟ್ಟೆಯವರೆಗೆ ಮುಳುಗಿ ನಿಂತಿದ್ದವು, ಕಾಲೇ ಇಲ್ಲದವುಗಳ ಹಾಗೆ. ನಾನು ತೂಕಡಿಸಿದೆ. ಎಚ್ಚರಾದಾಗ ಬೀದರು ಬಂದಿತ್ತು.

ಕ್ಲಬ್ಬಿನಲ್ಲಿ ಈ ಸಲ ಯಾರೂ ಇರಲಿಲ್ಲ. ಕಿಟಕಿಯಲ್ಲಿದ್ದವನು ಅವನೇ. ನತಾನಿಯೇಲ ಎಂದು ಅವನ ಹೆಸರು; ಫೌಜಿನಲ್ಲಿ ಇಪ್ಪತ್ತು ವರ್ಷ ಬಂದೂಕು ರಿಪೇರಿ ಮಾಡಿ ಬಂದವನು. ರಸೀದಿ ನೋಡಿದ, ನನ್ನನ್ನು ನೋಡಿದ.

"ಸಂತಪುರದವರು. ಕುಂಡ್ರರಿ. ನಾಕು ಸಲ ಫೋನ್ ಹಚ್ಚಿದ್ದೆ ನಿಮಗ."

"ನೀವೇನು? ಯಾವದೋ ಕಂಪನಿಯವರು ಅಂತ ತಿಳದಿದ್ದೆ."

"ನನ್ನ ಅಪ್ಪನ್ನ ಹಿಡದು ಬೈದ್ರಿ. ನಮ್ಮಪ್ಪ ಪಾದ್ರಿ ಇದ್ರು, ಅವರಿಗಿ ಆ ಮಾತು ಯಾರೂ ಅಂದಿದ್ದಿಲ್ಲ," ಅಂದ. ಮುಖದ ಮೇಲೆ ಸಿಟ್ಟಿರಲಿಲ್ಲ. "ಒಳಗ ಬರ್ರಿ. ಇದು ಕಿಟಕ್ಯಾಗ ಹೇಳೂ ಮಾತಲ್ಲ."

ಕಬ್ಬಿಣದ ಜಾಲರಿ ತೆಗೆದು ಒಳಗೆ ಕರೆದುಕೊಂಡ. ಎತ್ತರದ ಒಂದು ಗವಾಕ್ಷಿಯಿಂದ ಬೆಳಕು ಇಳಿದಿತ್ತು. ಎಣ್ಣೆಯ ವಾಸನೆ. ಗೋಡೆಯ ಉದ್ದಕ್ಕೂ ಬಂದೂಕುಗಳು ಕೊರಳಿಗೆ ಚೀಟಿ ಕಟ್ಟಿಕೊಂಡು ನಿಂತಿದ್ದವು. ಒಂದೊಂದು ಒಂದೊಂದು ಮನೆಯದು, ಚಿಂತಾಕಿಯದು, ಔರಾದದ್ದು, ಭಾಲ್ಕಿಯದು. ಮಲಗಿದವರ ಕೋಣೆಗೆ ಹೊಕ್ಕವನ ಹಾಗೆ ನನ್ನ ಹೆಜ್ಜೆ ತಾನಾಗಿ ಹಗುರಾಯಿತು. ಇಷ್ಟು ಬಂದೂಕುಗಳ ನಡುವೆ ನಿಂತು ನನಗೆ ಒಂದಿಷ್ಟೂ ಅಂಜಿಕೆ ಆಗಲಿಲ್ಲ. ಅವು ಯಾರ ಕಡೆಗೂ ನೋಡುತ್ತಿರಲಿಲ್ಲ.

ನಮ್ಮದು ಮೂಲೆಯಲ್ಲಿತ್ತು. ನತಾನಿಯೇಲ ಅದನ್ನು ಮುಟ್ಟಲಿಲ್ಲ. ಕಪಾಟಿನಿಂದ ಒಂದು ತಗಡಿನ ತಟ್ಟೆ ತಂದು ನನ್ನ ಮುಂದೆ ಇಟ್ಟ. ತಟ್ಟೆಯಲ್ಲಿ ರವಿಕೆಯ ಹಸಿರು ಖಣದ ಒಂದು ಚೂರು, ಐದಾರು ಅಕ್ಕಿಕಾಳು, ಒಂದು ಅರಿಶಿನದ ಕೊಂಬು. ಪಕ್ಕದಲ್ಲಿ ಒಂದು ಕೆಂಪು ಕಾಡತೂಸು, ಬಂದೂಕಿನ ತೋಟಾ. ಅದರ ಹಿತ್ತಾಳೆಯ ಹಣೆಗೆ ಕುಂಕುಮ ಹಚ್ಚಿತ್ತು.

"ಈ ಖಣ, ಅಕ್ಕಿ, ಅರಿಶಿಣ ಗಂಟು ಕಟ್ಟಿ ಬಲಗಡಿ ನಳಗ್ಯಾಗ ಇಟ್ಟಿದ್ರು. ಇದು ಎಡಗಡಿ ನಳಗ್ಯಾಗ ಇತ್ತು."

"ಕಾಡತೂಸು ಸುಟ್ಟದ್ದೇನು?"

"ಇಲ್ರಿ. ಜೀವಂತ."

ನನಗೆ ಮೊದಲು ನೆನಪಾದದ್ದು ಮಾರ್ಚಿನ ಬಸ್ಸು. ನನ್ನ ಮೊಣಕಾಲ ನಡುವೆ ಅದು ನಿಂತಿತ್ತು. ಪಕ್ಕದಲ್ಲಿ ಒಬ್ಬ ಹೆಣ್ಣುಮಗಳು ಕೂಸಿಗೆ ಹಾಲು ಕುಡಿಸುತ್ತಿದ್ದಳು. ಕೂಸು ಗವಸಿನ ದಾರ ಹಿಡಿದು ಜಗ್ಗುತ್ತಿತ್ತು. ನಾನು ಸುಮ್ಮನೆ ಬಿಟ್ಟಿದ್ದೆ, ಆಡಲಿ ಎಂದು.

"ಪುಸ್ತಕದಾಗ ಬರದೇನಿ, ತುಂಬಿದ್ದು ಬಂತು, ಖಾಲಿ ಮಾಡಿದೆ ಅಂತ," ಅಂದ ನತಾನಿಯೇಲ. "ಇನ್ನೊಂದು ಅದ. ಇದು ನೋಡ್ರಿ."

ಅರಿಶಿನದ ಕೊಂಬನ್ನು ಎತ್ತಿ ಬೆಳಕಿಗೆ ಹಿಡಿದ. ಅದರ ಒಂದು ತುದಿಯಲ್ಲಿ ಸಣ್ಣ ಕುಳಿ ಇತ್ತು. ಖಣದ ಚೂರಿನಲ್ಲೂ ಅದೇ ಜಾಗಕ್ಕೆ ತೂತು.

"ಬಂದೂಕಿನ ಸೂಜಿ ಹೊಡದ ಗುರ್ತು. ಈ ಬಂದೂಕಿಗಿ ಎರಡು ಕುದರಿ ಅವ. ಮುಂದಿಂದು ಎಳದ್ರ ಬಲಗಡಿ ಹಾರ್ತದ, ಹಿಂದಿಂದು ಎಳದ್ರ ಎಡಗಡಿ. ಯಾರೋ ಒಮ್ಮಿ ಮುಂದಿಂದು ಎಳದಾರ." ಕೊಂಬನ್ನು ತಟ್ಟೆಗೆ ಇಟ್ಟ. "ಯಾರಂತ ನಾ ಕೇಳಂಗಿಲ್ಲ. ನೀರು ಕುಡೀತೀರೇನು?"

ನೀರು ಕುಡಿದೆ.

ಎಳೆದವನು ನಾನು. ಸಂಕ್ರಾಂತಿಯ ಹಿಂದಿನ ವಾರ. ಚಳಿ ಕಚ್ಚುತ್ತಿತ್ತು. ಕೇತಕಿ ಅಪ್ಪನ ಉಣ್ಣೆಯ ಕೋಟನ್ನು ನನ್ನನ್ನು ಕೇಳದೆ ಕಾಶೀರಾಮನಿಗೆ ಕೊಟ್ಟುಬಿಟ್ಟಿದ್ದಳು. ಅವನು ಅದನ್ನು ಹಾಕಿಕೊಂಡು ನನ್ನ ಎದುರೇ ಬಂದ. ದೂರದಿಂದ ನೋಡಿ ಅಪ್ಪನೇ ಬಂದರೆಂದು ನನ್ನ ಎದೆ ಒಡೆದು ಹೋಯಿತು. ಮನೆಗೆ ಬಂದು ಕೂಗಿದೆ. ಅವಳು, "ಟ್ರಂಕಿನ್ಯಾಗ ನುಸಿ ತಿಂತಿತ್ತು, ಆ ಮುದುಕ ನಡಗತಿದ್ದ," ಅಂದಳು. ನಾನು ಗೂಟದಿಂದ ಬಂದೂಕು ಇಳಿಸಿದೆ, ಅವಳ ಕಡೆ ಹಿಡಿದೆ, ಎಳೆದೆ. ಖಾಲಿ ಬಂದೂಕು ಟಕ್ ಅನ್ನಬೇಕು. ಅದು ಥಪ್ ಅಂದಿತು, ಹಾಸಿಗೆಯ ಮೇಲೆ ಕಲ್ಲು ಬಿದ್ದ ಹಾಗೆ. ಆ ಸದ್ದು ನನಗೆ ವಿಚಿತ್ರ ಅನಿಸಿತ್ತು. ಆಮೇಲೆ ನಾನು ನಕ್ಕು, "ಅಂಜಿದೇನು? ಖಾಲಿ ಅದ," ಅಂದೆ. ಬಾಗಿಲಲ್ಲಿ ಗಾರ್ಗಿ ಪುಸ್ತಕ ಹಿಡಿದು ನಿಂತಿದ್ದಳು. ಕೇತಕಿಯ ಕೈಯಿಂದ ಮೊರ ಬಿದ್ದು ಕಾಳು ಚೆಲ್ಲಿದ್ದವು. ಅವಳು ಕೂತು ಒಂದೊಂದೇ ಆರಿಸಿದಳು.

ಬೆರಳು ಒಂದು ಇಂಚು ಹಿಂದಿದ್ದರೆ. ಅಷ್ಟೇ.

ತಟ್ಟೆಯನ್ನು ನೋಡುತ್ತಿದ್ದಂತೆ ಮತ್ತೊಂದು ತೇಲಿ ಬಂತು. ನಾನು ಸಣ್ಣವನು. ದಸರೆಯ ಸಂಜೆ. ಎಲ್ಲರಿಗೂ ಬನ್ನಿ ಕೊಟ್ಟು ಬಂದ ಅಪ್ಪ ಬಂದೂಕು ಹಿಡಿದು ಹಿತ್ತಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಸ್ವಲ್ಪ ಹೊತ್ತಿಗೆ ಹೊರಗೆ ಬಂದು ಅದನ್ನು ಗೂಟಕ್ಕೆ ಏರಿಸುತ್ತಾರೆ. ಒರೆಸಲು ಒಯ್ಯುತ್ತಾರೆ ಎಂದು ನಾನು ತಿಳಿದಿದ್ದೆ. ಅವರ ಕಿಸೆಯಲ್ಲಿ ಹಸಿರು ಖಣದ ತುದಿ ಕಂಡದ್ದು ನಲವತ್ತು ವರ್ಷದ ಮೇಲೆ ಈ ಕೋಣೆಯಲ್ಲಿ ನೆನಪಾಯಿತು.

ನಮ್ಮ ಮನೆಯಲ್ಲಿ ಹಬ್ಬಕ್ಕೆ ಬಂದ ಹೆಣ್ಣುಮಗಳನ್ನು ಉಡಿ ತುಂಬದೆ ಕಳಿಸುವುದಿಲ್ಲ. ಖಣ, ಅಕ್ಕಿ, ಅರಿಶಿನ ಸೆರಗಿಗೆ ಹಾಕುತ್ತೇವೆ. ನನಗೆ ಆಮೇಲೆ ತಿಳಿದದ್ದು ಇದು: ಖಂಡೇನವಮಿಯ ಪೂಜೆಯ ಮಣೆಯ ಮೇಲೆ ಖಾಲಿ ಬಂದೂಕು ಇಡಬಾರದೆಂದು ಹೆಂಗಸರು ಬೆಳಗಾಗುವ ಮುಂಚೆ ಅದಕ್ಕೂ ಉಡಿ ತುಂಬುತ್ತಿದ್ದರು, ಒಂದು ನಳಿಕೆಗೆ ಖಣದ ಗಂಟು, ಇನ್ನೊಂದಕ್ಕೆ ಕಾಡತೂಸು. ಗಂಡಸರು ಆರತಿಯ ಹೊತ್ತಿಗೆ ಬಂದು ಕೈ ಮುಗಿಯುವವರು. ತುಂಬುವುದು ಹೆಂಗಸರ ಪಾಲು, ಖಾಲಿ ಮಾಡುವುದು ಮನೆಯ ಹಿರಿಯನ ಪಾಲು. ಅಪ್ಪ ತಮ್ಮ ಪಾಲನ್ನು ನನಗೆ ಹೇಳದೆ ಹೋದರು.

"ಇವತ್ತು ಒಯ್ತೀರೇನು?" ನತಾನಿಯೇಲ ಕೇಳಿದ.

"ಇಲ್ಲ."

"ಹಬ್ಬಕ್ಕ ಎಲ್ಲಾರೂ ಒಯ್ತಾರ್ರಿ. ನಾ ಬ್ಯಾಡ ಅನ್ನಂಗಿಲ್ಲ. ಮಾಲ ನಿಮ್ಮದು."

"ಇಲ್ಲೇ ಇರಲಿ. ಖಾಯಂ ಇಡಾಕ ಏನ್ ಬರಕೊಡಬೇಕು?"

ಅವನು ಕಾಗದ ತಂದ. ಬರೆದೆ. ಅರಿಶಿನದ ಕೊಂಬನ್ನು ಮಾತ್ರ ಕೇಳಿ ಇಸಿದುಕೊಂಡೆ. ಹೊರಗೆ ಬಿಸಿಲು ಬಿದ್ದಿತ್ತು. ಮನೆಗೆ ಫೋನು ಮಾಡಿದರೆ ಅವ್ವ ಎತ್ತಿದಳು. "ಕೇತಕಿ ಹತ್ತು ಗಂಟಿ ಬಸ್ಸಿಗಿ ಭಾಲ್ಕಿಗಿ ಹೋದಳು. ಬಂದೂಕ ಸಿಕ್ತೇನು?" ಅಂದಳು. ನಾನು ಭಾಲ್ಕಿಯ ಬಸ್ಸು ಹತ್ತಿದೆ.

ದಾರಿಯಲ್ಲಿ ಕೊಂಬು ಕಿಸೆಯೊಳಗೆ ಇತ್ತು. ಹೆಬ್ಬೆರಳಿಂದ ಆ ಕುಳಿಯನ್ನು ಮುಟ್ಟಿ ಮುಟ್ಟಿ ನೋಡಿದೆ. ಸಾಸಿವೆ ಕಾಳು ಕೂರುವಷ್ಟು ಜಾಗ. ಬಸ್ಸು, ರಸ್ತೆ, ಪಕ್ಕದವನ ಮಾತು, ಎಲ್ಲ ದೂರದಲ್ಲಿ ಎಲ್ಲೋ ನಡೆಯುತ್ತಿದ್ದವು. ಆ ಕುಳಿಯೊಳಗೆ ನಾನು ಒಬ್ಬನೇ ಇದ್ದೆ.

ಮಂಗೇಶನ ಮನೆಯ ಕಟ್ಟೆಯ ಮೇಲೆ ಕೇತಕಿ ಕೂತಿದ್ದಳು. ಟ್ರಂಕು ಇನ್ನೂ ಬಾಗಿಲ ಹೊರಗೇ ಇತ್ತು. ಅವಳು ಮೊದಲು ನನ್ನ ಹೆಗಲು ನೋಡಿದಳು, ಆಮೇಲೆ ಕೈ, ಆಮೇಲೆ ನನ್ನ ಹಿಂದೆ ರಸ್ತೆಯನ್ನು.

"ಎಲ್ಲಿ ಅದ?"

"ಅಲ್ಲೇ ಬಿಟ್ಟು ಬಂದೆ."

"ಯಾಕ, ಕೀಲಿ ಕಳದಿತ್ತೇನು?"

ನಾನು ಕೊಂಬನ್ನು ಕಟ್ಟೆಯ ಮೇಲೆ ಇಟ್ಟೆ. "ಇದು ಬಲಗಡಿ ನಳಗ್ಯಾಗ ಇತ್ತು. ಎಡಗಡಿಗಿ ಕಾಡತೂಸು ಇತ್ತು, ಕೇತಕಿ. ಸುಟ್ಟದ್ದಲ್ಲ."

"ಹೂಂ. ನಾನೇ ತುಂಬಿದ್ನಲ್ಲ," ಅಂದಳು.

ನಾನು ಅವಳ ಕೈ ನೋಡಿದೆ.

"ಮಾವ ಹೋದ ವರ್ಷ ಹಬ್ಬ ಮಾಡಲಿಲ್ಲ. ಮರುವರ್ಷ ಅತ್ತಿ ನನ್ನ ಕರದ್ರು. ನಾ ಇನ್ನ ಅರಿಶಿಣ ಮುಟ್ಟಬಾರದು, ನೀ ತುಂಬು ಅಂದ್ರು. ಬಂದೂಕ ಹ್ಯಾಂಗ ಮುರದು ತಗೀಬೇಕು, ಎಲ್ಲಿ ಏನ್ ಇಡಬೇಕು, ಎಲ್ಲಾ ಅವರೇ ತೋರಿಸಿದ್ರು. ನಿಮ್ಮ ಮನಿ ರಿವಾಜ. ನಿಮಗ..." ಅವಳು ನಿಲ್ಲಿಸಿದಳು. ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. "ನಿಮಗ ಗೊತ್ತಿದ್ದಿಲ್ಲೇನ್ರಿ?"

"ಇಲ್ಲ."

"ಖರೇ?"

"ಖಾಲಿ ಅದ ಅಂತ ನಕ್ಕಿದ್ನಲ್ಲ."

"ಆ ನಗೂದು ನೋಡೇ ನಾ ಹೆಚ್ಚು ಅಂಜಿದ್ದೆ." ಅವಳ ದನಿ ತಗ್ಗಿತು. "ಒಂಬತ್ತು ತಿಂಗಳು ನಾ ಏನ್ ತಿಳಕೊಂಡಿದ್ದೆ ಗೊತ್ತದೇನು? ತುಂಬಿದ್ದು ಗೊತ್ತಿದ್ದೇ ಎಳದಾರ, ಖಣದ ನಳಗಿ ಬಂತು, ನನ್ನ ದೈವ ಅಂತ. ಅದು ಬೀದರಿಗಿ ಹೋಗೂತನಕ, ಇನ್ನೊಂದು ಯಾವಾಗ ಎಳೀತಾರ ಅಂತ ಆ ಗ್ವಾಡಿ ನೋಡಕೋತ ಭಕ್ಕರಿ ಬಡದೇನಿ. ತಗದು ಬಿಡಬೇಕಂತ ಎಷ್ಟು ಸಲ ಗೂಟದ ತನಕ ಹೋಗೇನಿ. ತಗದದ್ದು ನಿಮಗ ಗೊತ್ತಾದ್ರ ಹೊಸದು ತುಂಬತೀರಿ ಅಂತ ಬಿಟ್ಟೆ."

ಒಳಗೆ ಮಂಗೇಶನ ಮನೆಯವರು ಚಹಾ ಸೋಸುವ ಸದ್ದು. ರಸ್ತೆಯಲ್ಲಿ ಒಬ್ಬ ಸೈಕಲ್ಲಿನ ಮೇಲೆ ಚೆಂಡುಹೂವು ಮಾರುತ್ತ ಹೋದ.

"ನನಗ ಗೊತ್ತಿದ್ದಿಲ್ಲ, ಕೇತಕಿ," ಅಂದೆ ಮತ್ತೆ.

"ಗೊತ್ತಿದ್ದಿಲ್ಲ ಅಂದ್ರ ಚೊಲೊ ಆತು. ಆದ್ರ ನನ್ನ ಕಡೀನೇ ಹಿಡದದ್ದು ಗೊತ್ತಿತ್ತಲ್ಲ."

ನಾನು ಕಟ್ಟೆಯ ಕೆಳಗೆ, ಅವಳ ಟ್ರಂಕಿನ ಪಕ್ಕದಲ್ಲಿ ಕೂತೆ. "ಗೊತ್ತಿತ್ತು," ಅಂದೆ. "ಅದು ಅಲ್ಲೇ ಇರ್ತದ. ಖಾಯಂ. ಬರದು ಕೊಟ್ಟು ಬಂದೇನಿ."

ಅವಳು ಕಾಗದದ ನಕಲು ಇಸಿದುಕೊಂಡು ಎರಡು ಸಲ ಓದಿದಳು. ಮಡಚಿ ಸೊಂಟಕ್ಕೆ ಸಿಕ್ಕಿಸಿದಳು.

"ಅತ್ತಿಗಿ ಯಾರ್ ಹೇಳ್ತಾರ?"

"ನಾನೇ."

"ಕೋಟಿಂದು, ಎಳದದ್ದು, ಎಲ್ಲಾ?"

"ಎಲ್ಲಾ."

"ಹೇಳ್ರಿ. ಅತ್ತಿ ಬಾಯಿಂದ ಫೋನಿನ್ಯಾಗ ಕೇಳಿದ ಮ್ಯಾಲ ನಾ ಬರೂದೋ ಬಿಡೂದೋ ನೋಡ್ತೇನಿ. ಈಗ ನೀವು ಹೋಗ್ರಿ. ಚಹಾ ಕುಡದು ಹೋಗ್ರಿ."

ಸಂಜೆಯ ಹೊತ್ತಿಗೆ ಸಂತಪುರ ಮುಟ್ಟಿದೆ. ಅವ್ವ ಹೊಸ್ತಿಲಲ್ಲಿ ಕೂತು ಬರಿಗೈಯನ್ನು ನೋಡಿ ಬಾಯಿ ತೆರೆದಳು. ನಾನು ಅವಳ ಎದುರು ಕೂತು ಹೇಳಿದೆ. ಕೋಟು ಹೇಳಿದೆ, ಕುದುರೆ ಹೇಳಿದೆ, ಬಸ್ಸಿನ ಕೂಸನ್ನು ಹೇಳಿದೆ. ಎದುರಿಗೆ ಗೋಡೆಯ ನೀಲಿ ಕಪ್ಪಾಗುತ್ತ ಬಂತು.

"ಅವರು ತಗೀತಿದ್ರು," ಅಂದಳು ಅವ್ವ. "ದಸರಾ ಸಂಜಿಗಿ. ನೀ ತಗದಿರ್ತಿ ಅಂತ ತಿಳದಿದ್ದೆ. ಅಪ್ಪ ಮಗಗ ಹೇಳಿರ್ತಾನ ಅಂತ. ನಾ ಕೇಳಬೇಕಿತ್ತು." ಆಮೇಲೆ, "ಫೋನ್ ಹಚ್ಚಿ ಕೊಡು," ಅಂದಳು.

ಫೋನಿನಲ್ಲಿ ಅವರಿಬ್ಬರೂ ಏನು ಮಾತಾಡಿದರೋ ನಾನು ಕೇಳಿಸಿಕೊಳ್ಳಲಿಲ್ಲ. ಹಿತ್ತಲಿಗೆ ಹೋಗಿ ನಿಂತೆ. ಅಪ್ಪ ಬಾಗಿಲು ಹಾಕಿಕೊಂಡು ನಿಲ್ಲುತ್ತಿದ್ದ ಜಾಗ ಅದೇ. ಬೇವಿನ ಮರದ ಕೆಳಗೆ ಒಂದು ಬಂಡೆ, ಬಂದೂಕು ಒರಗಿಸಿ ಒರಗಿಸಿ ಅದರ ಅಂಚು ನುಣುಪಾಗಿತ್ತು. ಇಷ್ಟು ವರ್ಷ ಅದರ ಮೇಲೆ ನಾನು ಕಾಲು ತೊಳೆದಿದ್ದೆ.

ಖಂಡೇನವಮಿಯ ಹಿಂದಿನ ದಿನ ಮಧ್ಯಾಹ್ನ ಕೇತಕಿ ಬಂದಳು. ಟ್ರಂಕನ್ನು ತಾನೇ ಹೊತ್ತು ತಂದಳು, ನನಗೆ ಮುಟ್ಟಗೊಡಲಿಲ್ಲ. ಸುಣ್ಣದ ಡಬ್ಬಿ ತಂದು, "ಇದು ಹಚ್ಚರಿ ಮೊದಲು," ಎಂದು ಗೋಡೆ ತೋರಿಸಿದಳು. ಹಚ್ಚಿದೆ. ಒಂದು ಕೈ ಹಚ್ಚಿದರೆ ನೀಲಿ ಇನ್ನೂ ಒಳಗಿಂದ ಕಾಣುತ್ತಿತ್ತು. ಎರಡನೆಯ ಕೈ ಹಚ್ಚಿದೆ. ಗೂಟ ಕೀಳಲು ಹೋದರೆ, "ಅವು ಇರಲಿ, ಮೊರ ಹಾಕಾಕ ಬೇಕು," ಅಂದಳು.

ಹಬ್ಬದ ಮುಂಜಾನೆ ಮಣೆಯ ಮೇಲೆ ಕುಡಗೋಲು, ಕೊಡಲಿ, ಗಾರ್ಗಿಯ ಹೊಲಿಗೆಯ ಕತ್ತರಿ ಇಟ್ಟರು. ನಡುವೆ ಜಾಗ ಖಾಲಿ ಇತ್ತು. ರೂಢಿಯ ಮೇಲೆ ಅವ್ವ ಹಸಿರು ಖಣ, ಅಕ್ಕಿ, ಅರಿಶಿನ ತಟ್ಟೆಯಲ್ಲಿ ಹಾಕಿಸಿಟ್ಟಿದ್ದಳು. ಅದನ್ನು ಏನು ಮಾಡುವುದು ಎಂದು ಯಾರಿಗೂ ತಿಳಿಯಲಿಲ್ಲ. ಕೇತಕಿ ಮಣೆಯ ಪಕ್ಕದಲ್ಲಿ ಕೂತು ಸೆರಗು ಒಡ್ಡಿದಳು.

"ತುಂಬರಿ ಅತ್ತಿ."

"ನಾ ಮುಟ್ಟಬಾರದವ್ವ. ಬ್ಯಾರೆ ಯಾರನರೆ ಕರಿ."

"ಬಂದೂಕಿಗಿ ನೀವು ಹೇಳಿ ತುಂಬಿಸಿದ್ರಿ. ನನಗ ನೀವೇ ತುಂಬರಿ."

ಅವ್ವ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಎರಡು ವರ್ಷದಿಂದ ಅರಿಶಿನ ಮುಟ್ಟದ ಕೈ ತಟ್ಟೆಯ ಮೇಲೆ ನಿಂತಿತು. ಆಮೇಲೆ ಖಣ ಸೆರಗಿಗೆ ಬಿತ್ತು, ಅಕ್ಕಿ ಬಿತ್ತು, ಕೊಂಬು ಬಿತ್ತು. ಐದು ಸಲ. ಸದ್ದೇ ಆಗಲಿಲ್ಲ. ಅಕ್ಕಿ ಸೆರಗಿಗೆ ಬೀಳುವುದನ್ನು ನಾನು ಅಷ್ಟು ಹತ್ತಿರದಿಂದ ಮೊದಲ ಸಲ ನೋಡಿದೆ.

ಊಟವಾದ ಮೇಲೆ ಬಿಳಿ ಗೋಡೆಯ ಕೆಳಗೆ ಚಾಪೆ ಹಾಸಿ ಮಲಗಿದೆ. ಹಸಿ ಸುಣ್ಣದ ವಾಸನೆ. ಹಂದಿ ಬಂತು. ಎಲ್ಲಿಂದ ಬಂತೋ ತಿಳಿಯಲಿಲ್ಲ, ನೀಲಿ ಇರಲಿಲ್ಲವಲ್ಲ. ಅಂಗಳದ ಬಾಗಿಲಿಂದಲೇ ಬಂದಿರಬೇಕು. ಮೈಮೇಲೆ ಕೋಟು ಇರಲಿಲ್ಲ. ಚೀಲ ಮೂಸಿತು, ಕೊಡ ಮೂಸಿತು, ಅಡಿಗೆಮನೆಯ ಹೊಸ್ತಿಲಲ್ಲಿ ನಿಂತಿತು. ನಾನು ಬಂದೂಕಿಗೆ ಕೈ ಚಾಚಲಿಲ್ಲ. ಒಳಗಿಂದ ಕೇತಕಿಯ ದನಿ ದೊಡ್ಡದಾಗಿ ಬಂತು. ಹಂದಿ ಕಿವಿ ನಿಮಿರಿಸಿ, ತಿರುಗಿ, ಬಂದ ದಾರಿಯಲ್ಲೇ ಸಾವಕಾಶ ಹೊರಟುಹೋಯಿತು.

"ಎಷ್ಟು ಸಲ ಒದರಬೇಕ್ರಿ," ಅನ್ನುತ್ತಿದ್ದಳು ಅವಳು ನನ್ನ ತಲೆಯ ಹತ್ತಿರ ನಿಂತು. "ಮೋಡ ಆಗ್ಯಾದ. ಸೋಯಾ ಹೊರಗ ಬಿದ್ದದ. ಏಳ್ರಿ."

ಎದ್ದೆ.